ನಾಯಿಯ ಹಿಂಡೂ ಮನೆಯ ಯಜಮಾನಿಕೆಯೂ

ನಾಯಿಯನ್ನು ಸಾಕಿಕೊಂಡಿರುವ ಗೃಹಸ್ಥರಿಂದ ಈ ಪುಟಗಳಿಗೆ ಬರುವ ಕಾಗದಗಳಲ್ಲಿ ಬಹುಪಾಲು ಅದರ ಊಟವನ್ನೋ, ಮೈಮೇಲಿನ ಕಜ್ಜಿಯನ್ನೋ, ಉಣ್ಣೆಯ ಕಾಟವನ್ನೋ ಕುರಿತವು. ಅವುಗಳಿಗೆ ಉತ್ತರ ಬರೆಯುವುದು ಕಷ್ಟವಲ್ಲ. ಈ ಸಲ ಬಂದಿರುವ ಒಂದು ಕಾಗದವು ಬೇರೆ ಬಗೆಯದು. ಬರೆದವರು ಇಬ್ಬರು ಮಕ್ಕಳ ತಾಯಿ. ಅವರ ಮನೆಯಲ್ಲಿ ಒಂದೂವರೆ ವರ್ಷದ ಗಂಡುನಾಯಿಯೊಂದಿದೆ. ಅದು ಅನ್ನದ ತಟ್ಟೆಯ ಮುಂದಿರುವಾಗ ಕಿರಿಯ ಮಗಳು ಹತ್ತಿರ ಸುಳಿದರೆ ಗುರುಗುಟ್ಟುತ್ತಿತ್ತು. ಅವರ ಮೈದುನನು, ‘ನಾಯಿ ಎಂದರೆ ತೋಳದ ಜಾತಿ, ಹಿಂಡಿಗೆ ಒಬ್ಬನೇ ಒಡೆಯ, ನಾವು ಒಡೆಯರಾಗದಿದ್ದರೆ ಅದೇ ಒಡೆಯನಾಗುತ್ತದೆ, ಅತ್ತಿಗೆ’ ಎಂದು ಹೇಳಿ, ಅದು ಗುರುಗುಟ್ಟಿದಾಗಲೆಲ್ಲ ಕತ್ತು ಹಿಡಿದು ಅಂಗಾತ ಕೆಡವಿ, ಸುಮ್ಮನಾಗುವವರೆಗೂ ನೆಲಕ್ಕೆ ಒತ್ತಿ ಹಿಡಿಯುವ ಕ್ರಮವನ್ನು ಆರಂಭಿಸಿದನಂತೆ. ಮೂರು ವಾರಗಳಲ್ಲಿ ಗುರುಗುಟ್ಟುವುದು ನಿಂತಿತು. ಮನೆಯವರೆಲ್ಲ ಸಂತೋಷಪಟ್ಟರು. ನಾಲ್ಕನೆಯ ವಾರದಲ್ಲಿ ಒಂದು ದಿನ, ತಟ್ಟೆಯನ್ನು ಪಕ್ಕಕ್ಕೆ ಸರಿಸಲು ಬಗ್ಗಿದ ಯಜಮಾನರ ಮುಂಗೈಯನ್ನು ನಾಯಿಯು ಒಂದು ಸದ್ದೂ ಮಾಡದೆ ಕಚ್ಚಿತು. ‘ಇದನ್ನು ಇನ್ನು ಮನೆಯಲ್ಲಿಟ್ಟುಕೊಳ್ಳುವುದೋ, ದೂರ ಬಿಟ್ಟುಬರುವುದೋ? ಕಚ್ಚಿದ್ದು ಮಗುವನ್ನಾಗಿದ್ದರೆ ಏನು ಗತಿ?’ ಎಂದು ಆ ತಾಯಿಯು ಕೇಳಿದ್ದಾರೆ.

ಮಿಕ್ಕ ವಿಚಾರಕ್ಕೆ ಹೋಗುವ ಮೊದಲು ಒಂದು ಮಾತು. ಕಚ್ಚಿಸಿಕೊಂಡವರಿಗೆ ಚಿಕಿತ್ಸೆಯಾಯಿತೇ ಎಂಬುದನ್ನು ಈ ಸೋದರಿಯು ಬರೆದಿಲ್ಲ. ಸಾಕಿದ ನಾಯಿಯೇ ಆಗಲಿ, ಹಲ್ಲು ತಗುಲಿ ಚರ್ಮ ಹರಿದಿದ್ದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷಗಳ ಕಾಲ ತೊಳೆದು ಅಂದೇ ವೈದ್ಯರನ್ನು ಕಾಣತಕ್ಕದ್ದು. ಅರಿಸಿನ, ಸುಣ್ಣ, ಮೆಣಸಿನಪುಡಿ ಮುಂತಾದುವನ್ನು ಸರ್ವಥಾ ಮೆತ್ತಕೂಡದು. ರೇಬೀಸ್ ರೋಗವು ಒಮ್ಮೆ ತಲೆದೋರಿತೆಂದರೆ ಅದರಿಂದ ಬದುಕಿ ಉಳಿಯುವುದು ಇಲ್ಲವೆಂದೇ ಹೇಳಬೇಕು. ತಲೆದೋರದಂತೆ ತಡೆಯುವ ಚುಚ್ಚುಮದ್ದು ಮಾತ್ರ ಉಂಟು. ಅದನ್ನು ಇನ್ನೂ ಹಾಕಿಸಿಕೊಂಡಿಲ್ಲವಾದರೆ ಈ ಪುಟವನ್ನು ಮುಚ್ಚಿಟ್ಟು ಮೊದಲು ಆ ಕೆಲಸವಾಗಲಿ.

ಇನ್ನು ಮೈದುನನ ಉಪದೇಶದ ವಿಚಾರ. ಆತನನ್ನು ಹಳಿಯಲು ನಮಗೆ ಮನಸ್ಸಿಲ್ಲ. ಆತನು ಹೇಳಿದುದು ಆತನ ಸ್ವಂತ ಕಲ್ಪನೆಯಲ್ಲ. ವಿದ್ವಾಂಸರ ಗ್ರಂಥಗಳಲ್ಲಿದ್ದು, ಪಳಗಿಸುವವರ ಬಾಯಿಂದ ಬಾಯಿಗೆ ಹರಿದು, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದೇಶದೇಶಗಳಲ್ಲಿ ನಾಯಿಗಳ ಕತ್ತಿನ ಮೇಲೆ ಜನರ ಕೈಯಿಡಿಸಿದ ಮಾತು ಅದು. ಅದು ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು, ಅದನ್ನು ಎತ್ತಿ ಹಿಡಿದವರೇ ಕೊನೆಗೆ ಏಕೆ ಕೈಬಿಟ್ಟರು ಎಂಬುದನ್ನು ತಿಳಿದರೆ, ಆ ನಾಯಿಯು ಸದ್ದಿಲ್ಲದೆ ಕಚ್ಚಿದುದೇಕೆ ಎಂಬುದೂ ತಿಳಿದುಬರುವುದು.

ಕಥೆಯ ಆರಂಭವು ತೋಳದಿಂದಲ್ಲ, ಕೋಳಿಯಿಂದ. ನಾರ್ವೆ ದೇಶದ ಥಾರ್ಲೈಫ್ ಷೆಲ್ಡರುಪ್-ಎಬ್ಬೆ ಎಂಬವರು ಬಾಲ್ಯದಿಂದಲೂ ಕೋಳಿಗಳನ್ನು ನೋಡುತ್ತ ಬಂದವರು. ಯಾವ ಕೋಳಿಯು ಯಾವುದನ್ನು ಕುಕ್ಕುತ್ತದೆ, ಯಾವುದು ಕುಕ್ಕಿಸಿಕೊಂಡು ಸುಮ್ಮನೆ ಸರಿದುಹೋಗುತ್ತದೆ ಎಂಬುದಕ್ಕೆ ಒಂದು ಕಟ್ಟಳೆಯಿದೆಯೆಂದು ಅವರು ೧೯೨೦ರ ದಶಕದ ಆರಂಭದಲ್ಲಿ ಪ್ರಕಟಿಸಿದರು. ಹಿತ್ತಲಲ್ಲಿ ಕೋಳಿ ಸಾಕಿದ ನಮ್ಮ ಹೆಂಗಸರಿಗೆ ಇದು ಹೊಸ ಸಂಗತಿಯೆನಿಸದು. ಆದರೆ ಪಂಡಿತರಿಗೆ ಇದು ಹೊಸದೊಂದು ಕನ್ನಡಕವಾಯಿತು. ಅದನ್ನು ಹಾಕಿಕೊಂಡು ಅವರು ಒಂದೊಂದು ಪ್ರಾಣಿಯ ಸಮೂಹದಲ್ಲಿಯೂ ಮೇಲುಕೀಳಿನ ಮೆಟ್ಟಿಲುಗಳನ್ನು ಹುಡುಕತೊಡಗಿದರು.

ಸ್ವಿಟ್ಜರ್ಲೆಂಡಿನ ರೂಡೋಲ್ಫ್ ಶೆಂಕೆಲ್ ಎಂಬ ವಿದ್ವಾಂಸರು ಬಾಸೆಲ್ ನಗರದ ಮೃಗಾಲಯದಲ್ಲಿ ತೋಳಗಳ ನಡೆನುಡಿಗಳನ್ನು ಬಹುಕಾಲ ಗಮನಿಸಿ, ೧೯೪೭ರಲ್ಲಿ ಒಂದು ದೊಡ್ಡ ಪ್ರಬಂಧವನ್ನು ಬರೆದರು. ಸುಮಾರು ೧೦ ಮೀಟರ್ ಅಗಲ, ೨೦ ಮೀಟರ್ ಉದ್ದದ ಆವರಣ. ಅದರೊಳಗೆ ಒಮ್ಮೊಮ್ಮೆ ಹತ್ತರವರೆಗೆ ತೋಳಗಳು. ಅಲ್ಲಿ ಗಂಡುಗಳೊಳಗೊಂದು ಹೆಣ್ಣುಗಳೊಳಗೊಂದು ಮೇಲುಗೈ ಪಡೆದು, ಉಳಿದವುಗಳನ್ನು ಸದಾ ಅಡಗಿಸಿಡುತ್ತಿದ್ದುದನ್ನು ಅವರು ಕಂಡರು. ಗ್ರೀಕ್ ಅಕ್ಷರಮಾಲೆಯ ಮೊದಲನೆಯ ಅಕ್ಷರವಾದ ‘ಆಲ್ಫಾ’ ಎಂಬ ಹೆಸರು ತೋಳಗಳ ಒಡೆಯನಿಗೆ ಅಂಟಿಕೊಂಡುದು ಈ ದಾರಿಯಿಂದಲೇ.

ಶೆಂಕೆಲರು ಕಂಡುದನ್ನು ಕಂಡಂತೆಯೇ ಬರೆದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಂಡುದು ಯಾವುದನ್ನು? ಕಾಡಿನಲ್ಲಿ ತೋಳದ ಮರಿಯು ಪ್ರಾಯಕ್ಕೆ ಬಂದು, ಒಂದರಿಂದ ಮೂರು ವರ್ಷಗಳೊಳಗೆ, ತಂದೆತಾಯಿಗಳನ್ನು ಬಿಟ್ಟು ತನ್ನ ಜೋಡಿಯನ್ನು ಹುಡುಕಿಕೊಂಡು ಹೊರಟುಹೋಗುತ್ತದೆ. ಬೇಲಿಯೊಳಗೆ ಹೊರಡುವುದೆಲ್ಲಿಗೆ? ಬೆಳೆದ ಗಂಡುಗಳೂ ಬೆಳೆದ ಹೆಣ್ಣುಗಳೂ ಒಂದೇ ಅಂಗಳದಲ್ಲಿ ವರ್ಷಗಟ್ಟಲೆ ಒಂದನ್ನೊಂದು ನೋಡುತ್ತ ಇರಬೇಕು. ಮೃಗಾಲಯಗಳಲ್ಲಿ ಸಾಮಾನ್ಯವಾಗಿ ಬೇರೆಬೇರೆ ಕಡೆಯಿಂದ ತಂದ, ಬಂಧುತ್ವವಿಲ್ಲದ ತೋಳಗಳನ್ನು ಕೂಡಿಹಾಕುವುದೂ ಉಂಟು. ಗುರುತುಪರಿಚಯವಿಲ್ಲದ ಹತ್ತು ಜನರನ್ನು ಛತ್ರದ ಒಂದೇ ಕೋಣೆಯೊಳಗೆ ವರ್ಷಗಳ ಕಾಲ ಕೂಡಿಹಾಕಿ, ಅವರ ಜಗಳಗಳನ್ನೆಲ್ಲ ಬರೆದುಕೊಂಡು, ‘ಮನುಷ್ಯರ ಸಂಸಾರವೆಂದರೆ ಇದು’ ಎಂದು ಪುಸ್ತಕ ಪ್ರಕಟಿಸಿದರೆ ಹೇಗಿದ್ದೀತು?

ಅಮೆರಿಕದ ಡೇವಿಡ್ ಮೆಕ್ ಎಂಬವರು ತೋಳಗಳ ವಿಷಯದಲ್ಲಿ ಜಗತ್ತೇ ಮನ್ನಿಸುವ ಪಂಡಿತರು. ೧೯೭೦ರಲ್ಲಿ ಅವರು ತೋಳವನ್ನು ಕುರಿತು ಬರೆದ ಗ್ರಂಥವು ‘ಆಲ್ಫಾ’ ಎಂಬ ಮಾತನ್ನು ಸಾಮಾನ್ಯ ಜನರವರೆಗೆ ತಲುಪಿಸಿತು. ಅದಾದ ಮೇಲೆ ಅವರು ೧೯೮೬ರಿಂದ ಕೆನಡದ ಉತ್ತರತುದಿಯಲ್ಲಿರುವ ಎಲ್ಸ್‌ಮಿಯರ್ ದ್ವೀಪಕ್ಕೆ ಬೇಸಗೆಯಿಂದ ಬೇಸಗೆಗೆ ಹೋಗಿ, ಮನುಷ್ಯರ ಭಯವಿಲ್ಲದ ಅಲ್ಲಿನ ತೋಳಗಳ ಮಧ್ಯದಲ್ಲಿಯೇ ವಾಸಮಾಡಿ, ಅವುಗಳ ಗೃಹಕೃತ್ಯವನ್ನು ಹತ್ತಿರದಿಂದ ನೋಡಿದರು. ಕಂಡುದು ಒಡೆಯನೂ ಆಳುಗಳೂ ಅಲ್ಲ. ಒಂದು ಗಂಡು, ಒಂದು ಹೆಣ್ಣು, ಅವುಗಳ ಮಕ್ಕಳು. ಹಿಂಡು ಎಂದರೆ ಒಂದು ಸಂಸಾರ. ಹಿಂಡನ್ನು ನಡೆಸುವವು ಕಾದಾಡಿ ಗೆದ್ದವುಗಳಲ್ಲ, ಹೆತ್ತವುಗಳು. ೧೯೯೯ರಲ್ಲಿ ಅವರು ಇದನ್ನು ವಿಸ್ತಾರವಾಗಿ ಬರೆದು, ಸಹಜವಾದ ಹಿಂಡಿನ ತಂದೆತಾಯಿಗಳನ್ನು ‘ಆಲ್ಫಾ’ ಎಂದು ಕರೆಯುವುದು, ಮನೆಯ ತಂದೆತಾಯಿಗಳನ್ನು ಹಾಗೆ ಕರೆದಂತೆಯೇ ಅರ್ಥವಿಲ್ಲದ್ದೆಂದು ತೋರಿಸಿದರು. ಅಷ್ಟೇ ಅಲ್ಲ, ತಮ್ಮ ಹಳೆಯ ಪುಸ್ತಕವನ್ನು ಇನ್ನು ಅಚ್ಚುಹಾಕಬೇಡಿರೆಂದು ಪ್ರಕಾಶಕರನ್ನು ಬೇಡುತ್ತ ಬಂದರು. ಅದು ಅಚ್ಚಾಗುವುದು ನಿಂತುದು ೨೦೨೨ರಲ್ಲಿ. ಚೆನ್ನಾಗಿ ಮಾರಾಟವಾಗುತ್ತಿದ್ದ ತನ್ನ ಪುಸ್ತಕವನ್ನು ತಾನೇ ನಿಲ್ಲಿಸಿರೆಂದು ಬೇಡಿದ ಗ್ರಂಥಕರ್ತರು ಎಷ್ಟು ಮಂದಿ ಇದ್ದಾರು!

ಆ ಸಂಸಾರದ ಕ್ರಮವನ್ನು ಸ್ವಲ್ಪ ನೋಡೋಣ. ತಾಯಿಯು ಮರಿಗಳೊಡನೆ ಗುಹೆಯಲ್ಲಿರುವಾಗ ತಂದೆಯು ಬೇಟೆಯಾಡಿ ತಂದು ಅದಕ್ಕೂ ಮರಿಗಳಿಗೂ ಕೊಡುತ್ತದೆ. ಹಿಂದಿನ ವರ್ಷ ಹುಟ್ಟಿದ ಅಣ್ಣ ಅಕ್ಕಂದಿರೂ ತಂದುಕೊಡುತ್ತವೆ. ಆಹಾರವು ಕಡಮೆಯಾದ ಕಾಲದಲ್ಲಿ ಹೆತ್ತವುಗಳು ಎಲ್ಲಕ್ಕಿಂತ ಎಳೆಯ ಮರಿಗಳ ಹೊಟ್ಟೆಯನ್ನೇ ಮೊದಲು ನೋಡುತ್ತವೆ. ‘ಯಜಮಾನನು ಉಂಡ ಮೇಲೆಯೇ ನಾಯಿಗೆ ಹಾಕಬೇಕು, ಇಲ್ಲವಾದರೆ ಅದು ತಲೆಯ ಮೇಲೆ ಕೂರುತ್ತದೆ’ ಎಂಬ ನಿಯಮವನ್ನು ತೋಳದ ಹೆಸರಿನಲ್ಲಿ ಬೋಧಿಸುವವರು ಈ ಸಂಗತಿಯನ್ನು ಅರಿಯರು. ತೋಳದ ವಿಷಯವನ್ನು ಉತ್ತರಧ್ರುವದ ಬಳಿಯಿಂದ ತರಬೇಕಾಯಿತು. ನಮ್ಮ ನಾಡಿನ ಕಾಡಿನಲ್ಲಿಯೇ ಸೀಳುನಾಯಿಯ ನಿದರ್ಶನವಿದೆ. ೧೯೭೦ರ ದಶಕದಲ್ಲಿ ಎ. ಜೆ. ಟಿ. ಜಾನ್‌ಸಿಂಗ್ ಎಂಬವರು ಬಂಡೀಪುರದಲ್ಲಿ ಸೀಳುನಾಯಿಗಳನ್ನು ಕಾಲ್ನಡಿಗೆಯಲ್ಲಿ ಹಿಂಬಾಲಿಸಿ ಅಭ್ಯಾಸಮಾಡಿದರು. ಮುಂದೆ ಕೃಪಾಕರ-ಸೇನಾನಿ ಜೋಡಿಯು ವರ್ಷಗಟ್ಟಲೆ ಅವುಗಳ ಜೊತೆಗಿದ್ದು ಚಿತ್ರ ತೆಗೆದಿತು. ಜಿಂಕೆಯನ್ನು ಹಿಂಡುಹಿಂಡಾಗಿ ಬೆನ್ನಟ್ಟಿ ಕೆಡಹುವ, ಕ್ರೂರವೆಂದು ಹೆಸರಾದ ಈ ಪ್ರಾಣಿಯು ತನ್ನ ಹಿಂಡಿನೊಳಗೆ ಕಾದಾಡುವುದು ಬಹು ವಿರಳ. ಬೇಟೆಯ ಬಳಿಗೆ ಮರಿಗಳು ಬಂದುವೆಂದರೆ ದೊಡ್ಡವು ಹಿಂದೆ ಸರಿದು ಅವುಗಳಿಗೆ ಎಡೆಗೊಡುತ್ತವೆ.

ಅಂಗಾತ ಕೆಡಹುವ ವಿಚಾರದಲ್ಲಿಯೂ ಹೀಗೆಯೇ ಆಗಿದೆ. ಹಿರಿಯ ತೋಳದ ಮುಂದೆ ಕಿರಿಯದು ಬೆನ್ನಮೇಲೆ ಮಲಗಿ ಹೊಟ್ಟೆ ತೋರಿಸುವುದು ನಿಜ. ಆದರೆ ಅದನ್ನು ಯಾರೂ ಹಿಡಿದು ಕೆಡಹುವುದಿಲ್ಲ, ಅದು ತಾನಾಗಿಯೇ ಮಲಗುತ್ತದೆ. ಎಳೆಯ ಮರಿಯನ್ನು ತಾಯಿಯು ಹೀಗೆ ಮಲಗಿಸಿಕೊಂಡು ನೆಕ್ಕಿ ಶುಚಿಮಾಡುತ್ತಿದ್ದ ಕಾಲದ ಭಂಗಿಯೇ ದೊಡ್ಡದಾದ ಮೇಲೆ ವಿನಯದ ಭಂಗಿಯಾಗಿ ಉಳಿದಿದೆ. ಹೀಗೆಂದು ೧೯೬೭ರಲ್ಲಿ ಬರೆದವರು ಬೇರೆ ಯಾರೂ ಅಲ್ಲ, ಅದೇ ಶೆಂಕೆಲರು. ಅಡ್ಡಬೀಳುವವನಿಗೂ, ಕತ್ತು ಹಿಡಿದು ನೆಲಕ್ಕೆ ಒತ್ತಿಸಿಕೊಂಡವನಿಗೂ ಇರುವ ಭೇದವನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಈ ಪದ್ಧತಿಯು ಮನೆಮನೆಗೆ ಬಂದುದು ಹೇಗೆ? ಬಲವಂತದಿಂದ ಪಳಗಿಸುವುದು ಹಳೆಯದೇ. ಜರ್ಮನಿಯ ಪೊಲೀಸ್ ಅಧಿಕಾರಿ ಕಾನ್ರಾಡ್ ಮೋಸ್ಟ್ ಎಂಬವರು ೧೯೧೦ರಲ್ಲಿಯೇ ಅದನ್ನು ಶಾಸ್ತ್ರೀಯವಾಗಿ ಬರೆದಿದ್ದರು. ತೋಳದ ಕಥೆಯು ಬಂದ ಮೇಲೆ ಆ ಬಲವಂತಕ್ಕೆ ಪ್ರಕೃತಿಯ ಒಪ್ಪಿಗೆಯ ಮುದ್ರೆ ಬಿದ್ದಂತಾಯಿತು. ಅಮೆರಿಕದ ನ್ಯೂ ಸ್ಕೀಟ್ ಎಂಬ ಮಠದಲ್ಲಿ ನಾಯಿಗಳನ್ನು ಸಾಕುವ ಸಂನ್ಯಾಸಿಗಳಿದ್ದಾರೆ. ೧೯೭೮ರಲ್ಲಿ ಅವರು ಬರೆದ, ಬೇರೆ ವಿಷಯಗಳಲ್ಲಿ ಪ್ರೀತಿಯೇ ತುಂಬಿರುವ ಒಂದು ಪುಸ್ತಕದಲ್ಲಿ ಅಂಗಾತ ಕೆಡಹುವ ಶಿಕ್ಷೆಯ ವಿವರಣೆಯೂ ಸೇರಿತ್ತು. ಪುಸ್ತಕವು ಬಹು ಜನಪ್ರಿಯವಾಯಿತು. ೨೦೦೨ರ ಪರಿಷ್ಕೃತ ಮುದ್ರಣದಲ್ಲಿ ಅವರು ಆ ಉಪದೇಶವನ್ನು ಹಿಂದಕ್ಕೆ ತೆಗೆದುಕೊಂಡು, ಹಾಗೆ ಮಾಡಬೇಡಿರೆಂದು ಬರೆದರು. ಆದರೆ ಬಿಟ್ಟ ಬಾಣವು ಬತ್ತಳಿಕೆಗೆ ಮರಳುವುದುಂಟೆ? ಹೊರದೇಶದ ಮಾತೊಂದು ನಮ್ಮ ಮನೆಯ ಅಂಗಳಕ್ಕೆ ಬಂದು ತಲುಪುವ ಹೊತ್ತಿಗೆ ಹೇಳಿದವರೇ ಅದನ್ನು ಬಿಟ್ಟಿರುತ್ತಾರೆ, ಹಿಡಿದುಕೊಂಡವರು ನಾವಾಗುತ್ತೇವೆ.

ನಾಯಿಯು ತೋಳವಲ್ಲ ಎಂಬುದನ್ನೂ ಮರೆಯಲಾಗದು. ಜರ್ಮನಿಯ ಬಾನ್ ನಗರದ ಬಳಿ ೧೯೧೪ರಲ್ಲಿ ದೊರೆತ ಒಂದು ಸಮಾಧಿಯಲ್ಲಿ ಮನುಷ್ಯರ ಜೊತೆಗೆ ನಾಯಿಮರಿಯ ಎಲುಬುಗಳೂ ಇದ್ದುವು. ಅದಕ್ಕೆ ೧೪,೦೦೦ ವರ್ಷಗಳಷ್ಟು ಕಾಲವಾಗಿದೆ. ಆ ಮರಿಯು ಕಾಯಿಲೆಬಿದ್ದು, ಯಾರೋ ಅದನ್ನು ವಾರಗಟ್ಟಲೆ ಉಪಚರಿಸಿದ್ದರೆಂದು ಹಲ್ಲುಗಳ ಪರೀಕ್ಷೆಯಿಂದ ಊಹಿಸಿದ್ದಾರೆ. ಇಷ್ಟು ದೀರ್ಘಕಾಲ ಮನುಷ್ಯನ ಒಲೆಯ ಸುತ್ತ ಬಾಳಿದ ಪ್ರಾಣಿಯ ಬಾಳುವೆಯೇ ಬೇರೆಯಾಗಿದೆ. ನಮ್ಮ ಬೀದಿಯ ನಾಯಿಗಳನ್ನೇ ನೋಡಿರಿ. ಅವು ಜಿಂಕೆಯನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ, ಎಂಜಲೆಲೆಯನ್ನು ಹುಡುಕುತ್ತವೆ. ಮರಿಗಳ ಭಾರವು ಬಹುಮಟ್ಟಿಗೆ ತಾಯಿಯದು. ಕೆಲವೆಡೆ ಅಜ್ಜಿಯೂ ಕೈಗೂಡಿಸುವುದುಂಟು. ಕಲ್ಕತ್ತೆಯ ಬಳಿಯ ವಿಜ್ಞಾನಸಂಸ್ಥೆಯಲ್ಲಿ ಅನಿಂದಿತಾ ಭದ್ರ ಎಂಬ ವಿದುಷಿಯೂ ಅವರ ಶಿಷ್ಯರೂ ಬೀದಿನಾಯಿಗಳ ಬಾಳನ್ನು ಹಲವು ವರ್ಷಗಳಿಂದ ಅಭ್ಯಾಸಮಾಡುತ್ತ ಬಂದಿದ್ದಾರೆ. ಗುರುತಿಲ್ಲದ ಮನುಷ್ಯರನ್ನು ಬೀದಿನಾಯಿಯು ನಂಬುವಂತೆ ಮಾಡುವುದರಲ್ಲಿ, ಹೆಚ್ಚು ತಿಂಡಿ ಹಾಕುವುದಕ್ಕಿಂತ ತಲೆ ನೇವರಿಸುವುದೇ ಹೆಚ್ಚು ಫಲಕಾರಿಯೆಂದು ೨೦೧೭ರಲ್ಲಿ ಅವರು ಪ್ರಕಟಿಸಿದರು.

ನಾಯಿಗಳೊಳಗೆ ಮೇಲುಕೀಳು ಇಲ್ಲವೇ ಇಲ್ಲ ಎಂದು ವಾದಿಸುವವರೂ ಈಗ ಹುಟ್ಟಿಕೊಂಡಿದ್ದಾರೆ. ಅದೂ ಅತಿಯೇ. ಎರಡು ಮೂರು ನಾಯಿಗಳಿರುವ ಮನೆಯಲ್ಲಿ ಯಾವುದಕ್ಕೆ ಯಾವುದು ದಾರಿಬಿಡುತ್ತದೆಂಬುದು ಮನೆಯವರಿಗೆಲ್ಲ ಗೊತ್ತಿರುತ್ತದೆ. ಇಟಲಿಯ ರೋಮ್ ನಗರದಲ್ಲಿ ಒಡೆಯರಿಲ್ಲದ ನಾಯಿಗಳ ಹಿಂಡುಗಳನ್ನು ನೋಡಿ, ೨೦೧೦ರಲ್ಲಿ ರಾಬರ್ಟೋ ಬೊನಾನಿ ಮತ್ತು ಜೊತೆಗಾರರು ಒಂದು ಸ್ವಾರಸ್ಯವಾದ ಸಂಗತಿಯನ್ನು ತಿಳಿಸಿದರು. ಹಿಂಡು ಎದ್ದು ಹೊರಡುವಾಗ ಉಳಿದವುಗಳು ಹಿಂಬಾಲಿಸುವುದು ಸಾಮಾನ್ಯವಾಗಿ ವಯಸ್ಸಾದ ನಾಯಿಯನ್ನು. ಅದರಲ್ಲಿಯೂ, ಉಳಿದವುಗಳು ತಾವಾಗಿಯೇ ಬಾಲವಾಡಿಸಿ, ಮೂತಿ ನೆಕ್ಕಿ, ಮರ್ಯಾದೆ ತೋರುವ ನಾಯಿಯನ್ನು. ಹಲ್ಲು ತೋರಿಸಿ ಹೆದರಿಸುವ ಶಕ್ತಿಯಿಂದ ಮುಂದಾಳುತನವನ್ನು ಅಷ್ಟಾಗಿ ಊಹಿಸಲಾಗಲಿಲ್ಲ.

ಈಗ ಅನ್ನದ ತಟ್ಟೆಯ ಬಳಿಗೆ ಬರೋಣ. ಗುರುಗುಟ್ಟುವುದು ನಾಯಿಯ ಮಾತು. ‘ನನಗೆ ಭಯವಾಗುತ್ತಿದೆ, ದಯಮಾಡಿ ದೂರವಿರಿ’ ಎಂಬುದೇ ಅದರ ಅರ್ಥ. ‘ನಾನು ಈ ಮನೆಯ ಒಡೆಯನು’ ಎಂಬುದಲ್ಲ. ಅದಕ್ಕೂ ಮೊದಲು ಅದು ಹೇಳಿದ ಮಾತುಗಳೂ ಇವೆ, ನಾವು ಕೇಳಿಸಿಕೊಂಡಿರುವುದಿಲ್ಲ. ತಿನ್ನುವುದನ್ನು ತಟ್ಟನೆ ನಿಲ್ಲಿಸಿ ಮೈ ಬಿಗಿಮಾಡಿಕೊಳ್ಳುವುದು, ತಟ್ಟೆಯ ಮೇಲೆ ತಲೆಯಿಟ್ಟುಕೊಂಡೇ ಓರೆಗಣ್ಣಿನಿಂದ ಬಿಳಿ ತೋರುವಂತೆ ನೋಡುವುದು, ಗಬಗಬನೆ ನುಂಗುವುದು, ಇವೆಲ್ಲವೂ ಅವೇ. ಇವು ಸಾಗದಿದ್ದಾಗ ಗುರುಗುಟ್ಟುತ್ತದೆ. ಅದೂ ಸಾಗದಿದ್ದಾಗ ಕಚ್ಚುತ್ತದೆ. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ನಂಬಿ ಮಗುವನ್ನು ಬಿಡಬಾರದು. ಆದರೂ ಸದ್ದುಮಾಡುವ ನಾಯಿಯು ಸರಿದುಕೊಳ್ಳಲು ನಮಗೆ ಸಮಯ ಕೊಡುತ್ತದೆಂಬುದು ಸುಳ್ಳಲ್ಲ. ಗುರುಗುಟ್ಟಿದಾಗಲೆಲ್ಲ ಕೆಡವಿ ಒತ್ತಿದುದರಿಂದ ಆ ನಾಯಿಯು ಕಲಿತ ಪಾಠಗಳು ಎರಡು. ಸದ್ದುಮಾಡಿದರೆ ಪೆಟ್ಟು ಎಂಬುದು ಒಂದು. ಊಟದ ಹೊತ್ತಿನಲ್ಲಿ ಮನುಷ್ಯನ ಕೈ ಬಂದರೆ ಆಪತ್ತು ಎಂಬುದು ಇನ್ನೊಂದು. ಮೊದಲನೆಯದರಿಂದ ಸದ್ದು ನಿಂತಿತು. ಎರಡನೆಯದರಿಂದ ಭಯವು ಬೆಳೆಯಿತು. ಗುಡಿಸಲಿಗೆ ಬೆಂಕಿ ಬಿದ್ದಾಗ ಕೂಗುವ ಕಾವಲುಗಾರನ ಬಾಯನ್ನು ಕಟ್ಟಿದಂತಾಯಿತು, ಬೆಂಕಿಯು ಆರಲಿಲ್ಲ.

ಇದು ನಮ್ಮ ಊಹೆಯ ಮಾತಲ್ಲ. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಪಶುವೈದ್ಯರು, ನಡತೆಯ ದೋಷಕ್ಕಾಗಿ ತಮ್ಮಲ್ಲಿಗೆ ನಾಯಿಗಳನ್ನು ತಂದ ೧೪೦ ಮಂದಿಯನ್ನು ವಿಚಾರಿಸಿ ೨೦೦೯ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು. ನಾಯಿಯನ್ನು ಹೊಡೆದವರಲ್ಲಿ ಅಥವಾ ಒದ್ದವರಲ್ಲಿ ನೂರಕ್ಕೆ ೪೩ ಮಂದಿಯ ಮೇಲೆ ಅದು ತಿರುಗಿಬಿದ್ದಿತ್ತು. ತಾವೇ ನಾಯಿಯಂತೆ ಗುರುಗುಟ್ಟಿದವರಲ್ಲಿ ೪೧ ಮಂದಿಯ ಮೇಲೆ. ಅಂಗಾತ ಕೆಡಹಿದವರಲ್ಲಿ ೩೧ ಮಂದಿಯ ಮೇಲೆ. ಸುಮ್ಮನೆ ದುರುಗುಟ್ಟಿ ನೋಡಿದವರಲ್ಲಿ ಸಹ ೩೦ ಮಂದಿಯ ಮೇಲೆ. ಇವು ಮೊದಲೇ ಕೆಟ್ಟಿದ್ದ ನಾಯಿಗಳಾದುದರಿಂದ ಈ ಅಂಕಿಗಳನ್ನು ಎಲ್ಲ ನಾಯಿಗಳಿಗೂ ಅನ್ವಯಿಸುವುದು ಸಲ್ಲದು. ಆದರೆ ಕೆಡಹುವ ಶಿಕ್ಷೆಯನ್ನು ಜನರು ಪ್ರಯೋಗಿಸುವುದೂ ಇಂಥ ನಾಯಿಗಳ ಮೇಲೆಯೇ ಅಲ್ಲವೇ?

ಈ ಸೋದರಿಯು ಮಾಡಬೇಕಾದುದು ಇಷ್ಟು. ಮೊದಲು ಪಶುವೈದ್ಯರಿಗೆ ತೋರಿಸಿರಿ. ಹಲ್ಲುನೋವು, ಕಿವಿಯ ಹುಣ್ಣು, ಕೀಲುನೋವುಗಳಿಂದ ನರಳುವ ನಾಯಿಯು ಸಿಡುಕುತ್ತದೆ, ಆ ನೋವು ಹೊರಗೆ ಕಾಣದು. ಕೆಡಹುವುದು ಇಂದಿನಿಂದಲೇ ನಿಲ್ಲಲಿ. ನಾಯಿಯ ಊಟವು ಮಕ್ಕಳ ಓಡಾಟವಿಲ್ಲದ ಕಡೆ, ಬಾಗಿಲು ಹಾಕಿದ ಕೋಣೆಯಲ್ಲಿ ನಡೆಯಲಿ. ಅದು ತಿಂದು ಹೊರಗೆ ಬಂದ ಮೇಲೆ ದೊಡ್ಡವರು ತಟ್ಟೆಯನ್ನು ಎತ್ತಿಡಲಿ. ಇಷ್ಟರಿಂದಲೇ ಅಪಾಯದ ದೊಡ್ಡ ಪಾಲು ಕಳೆಯುತ್ತದೆ. ಮುಂದಿನ ಕೆಲಸವು ತಿಂಗಳುಗಳದು, ದೊಡ್ಡವರದು ಮಾತ್ರ. ಕಚ್ಚಿದ ಅಭ್ಯಾಸವಿರುವ ನಾಯಿಯಾದುದರಿಂದ, ಬಲ್ಲ ವೈದ್ಯರ ಸಲಹೆಯನ್ನು ಕೇಳಿಕೊಂಡು ಆರಂಭಿಸತಕ್ಕದ್ದು. ನಾಯಿಯು ತಿನ್ನುತ್ತಿರುವಾಗ, ಅದು ಮೈ ಬಿಗಿಯದಷ್ಟು ದೂರದಲ್ಲಿ ಹಾದುಹೋಗುತ್ತ, ತಟ್ಟೆಯಲ್ಲಿರುವುದಕ್ಕಿಂತ ರುಚಿಯಾದ ಒಂದು ಚೂರನ್ನು, ಬೇಯಿಸಿದ ಮೊಟ್ಟೆಯೋ ಮಾಂಸವೋ ಯಾವುದಾದರೂ ಸರಿ, ಅದರತ್ತ ಎಸೆದು ನಿಲ್ಲದೆ ಹೊರಟುಹೋಗಬೇಕು. ಹಲವು ದಿನಗಳಾದ ಮೇಲೆ ಒಂದು ಹೆಜ್ಜೆ ಹತ್ತಿರ. ಮೈ ಬಿಗಿದರೆ ಎರಡು ಹೆಜ್ಜೆ ಹಿಂದಕ್ಕೆ. ಮನುಷ್ಯನು ಬಂದರೆ ಇದ್ದುದು ಹೋಗುವುದಿಲ್ಲ, ಇಲ್ಲದ್ದು ಬರುತ್ತದೆ ಎಂಬುದು ಅದಕ್ಕೆ ಮನದಟ್ಟಾಗಬೇಕು. ಚಪ್ಪಲಿಯನ್ನೋ ಬಟ್ಟೆಯನ್ನೋ ಕಚ್ಚಿಕೊಂ‌ಡಾಗಲೂ ಬಾಯಿ ಬಿಡಿಸಿ ಕಿತ್ತುಕೊಳ್ಳದೆ ಬೇರೊಂದನ್ನು ಕೊಟ್ಟು ಬದಲಾಯಿಸಿಕೊಳ್ಳುವುದೇ ಕ್ರಮ.

ದೂರ ಬಿಟ್ಟುಬರುವ ಯೋಚನೆಯನ್ನು ಮಾತ್ರ ಬಿಡಿರಿ. ಮನೆಯಲ್ಲಿ ಬೆಳೆದ ನಾಯಿಗೆ ಬೀದಿಯಲ್ಲಿ ಬದುಕುವ ವಿದ್ಯೆ ತಿಳಿಯದು; ಅಲ್ಲಿನ ನಾಯಿಗಳು ಅದನ್ನು ಸೇರಿಸವು. ೧೯೬೦ರ ಪ್ರಾಣಿಹಿಂಸೆ ತಡೆಯುವ ಕಾಯಿದೆಯ ಪ್ರಕಾರ, ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ನಿಷ್ಕಾರಣವಾಗಿ ಬಿಟ್ಟುಬರುವುದು ಅಪರಾಧ. ಅದಕ್ಕಿಂತಲೂ ಮುಖ್ಯವಾದುದು, ನಮ್ಮ ಮಗುವಿಗೆ ತಪ್ಪಿದ ಅಪಾಯವು ಅಲ್ಲಿ ಇನ್ನೊಬ್ಬರ ಮಗುವಿನ ಪಾಲಾಗುತ್ತದೆ. ಬಾಗಿಲು ಹಾಕಿ ಕಾಪಾಡುವಷ್ಟು ಸ್ಥಳವೂ ವ್ಯವಧಾನವೂ ಮನೆಯಲ್ಲಿಲ್ಲವೆಂದಾದರೆ, ಇದ್ದ ಸಂಗತಿಯನ್ನು ಮುಚ್ಚಿಡದೆ ತಿಳಿಸಿ, ಮಕ್ಕಳಿಲ್ಲದ ಬೇರೊಂದು ಮನೆಯನ್ನು ವೈದ್ಯರ ಮೂಲಕ ಹುಡುಕುವುದು ಯೋಗ್ಯವಾದ ದಾರಿ. ಅದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ.

ಒಡೆಯನಾಗದೆ ನಾಯಿಯನ್ನು ಹತೋಟಿಯಲ್ಲಿಡುವುದು ಹೇಗೆ ಎಂದು ಕೇಳುವವರಿಗೆ ಎರಡು ಮಾತು. ಬೇಕಾದುದನ್ನು ಮಾಡಿದ ಕೂಡಲೆ, ಒಂದೆರಡು ಕ್ಷಣಗಳೊಳಗೆ, ಅದಕ್ಕೆ ಇಷ್ಟವಾದುದು ದೊರೆಯಬೇಕು. ಇದೇ ಪಳಗಿಸುವ ಸಾರವೆಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಅವರು ೧೯೫೧ರಲ್ಲಿಯೇ, ಒತ್ತಿದರೆ ಟಕ್ಕೆನ್ನುವ ತಗಡಿನ ಆಟಿಕೆಯೊಂದಿದ್ದರೆ, ನಮ್ಮ ಜಾತ್ರೆಗಳಲ್ಲಿ ಮಕ್ಕಳಿಗೆ ಕೊಡಿಸುವಂಥದು, ಸಾಮಾನ್ಯ ಗೃಹಸ್ಥನು ನಾಯಿಗೆ ಹೇಗೆ ಪಾಠ ಕಲಿಸಬಹುದೆಂಬುದನ್ನು ಬರೆದಿದ್ದರು. ಟಕ್ಕೆಂದರೆ ‘ಸರಿಯಾಗಿ ಮಾಡಿದೆ, ತಿಂಡಿ ಬರುತ್ತದೆ’ ಎಂದರ್ಥ. ಆಟಿಕೆಯಿಲ್ಲದಿದ್ದರೆ ‘ಶಹಬಾಸ್’ ಎಂದರೂ ಸಾಕು, ಎಲ್ಲರೂ ಅದೇ ಮಾತನ್ನು ಹೇಳಿದರಾಯಿತು.

ತೊಡಕು ಇರುವುದು ಈ ‘ಎಲ್ಲರೂ’ ಎಂಬುದರಲ್ಲಿಯೇ. ಅಜ್ಜಿಯು ‘ಆಚೆ ಹೋಗು’ ಎನ್ನುತ್ತಾರೆ, ಸೊಸೆಯು ‘ಹಚಾ’ ಎನ್ನುತ್ತಾಳೆ, ಮೊಮ್ಮಗನು ಇಂಗ್ಲಿಷಿನಲ್ಲಿ ಗದರುತ್ತಾನೆ. ಊಟದ ಪಂಕ್ತಿಯ ಬಳಿ ಬಂದ ನಾಯಿಯನ್ನು ಐದು ದಿನ ಅಟ್ಟಿದ ತಾತನವರು ಆರನೆಯ ದಿನ ಕನಿಕರಿಸಿ ಹಪ್ಪಳದ ಚೂರನ್ನು ಹಾಕುತ್ತಾರೆ. ಯಾವಾಗಲೂ ಸಿಕ್ಕುವುದಕ್ಕಿಂತ, ಎಂದೋ ಒಮ್ಮೆ ಸಿಕ್ಕುವುದರ ಆಸೆಯೇ ಗಟ್ಟಿಯಾಗಿ ನಿಲ್ಲುತ್ತದೆಂಬುದನ್ನು ಸ್ಕಿನ್ನರರ ಪ್ರಯೋಗಗಳು ತೋರಿಸಿವೆ. ಲಾಟರಿಯ ಚೀಟಿ ಕೊಳ್ಳುವವರನ್ನು ಬಲ್ಲ ನಮಗೆ ಅದಕ್ಕೆ ಪ್ರಯೋಗವೇ ಬೇಡ. ಆ ಒಂದು ಚೂರಿನಿಂದ ಐದು ದಿನಗಳ ಶ್ರಮವು ನೀರಿನಲ್ಲಿ ಹುಣಿಸೆಯ ಹಣ್ಣನ್ನು ತೊಳೆದಂತಾಗುತ್ತದೆ. ನಾಯಿಗಿಂತ ಮೊದಲು ಪಳಗಬೇಕಾದವರು ತಾತನವರೇ ಎಂದರೆ ಅವರು ಕೋಪಿಸಿಕೊಳ್ಳಬಾರದು.

ಇನ್ನೊಂದು ಮನೆಮನೆಯ ನಂಬಿಕೆ: ‘ತಪ್ಪುಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿ, ಹೇಗೆ ತಲೆ ತಗ್ಗಿಸಿದೆ!’ ಅಲೆಕ್ಸಾಂಡ್ರ ಹೊರೊವಿಟ್ಜ್ ಎಂಬ ವಿದುಷಿಯು ಇದನ್ನು ಪರೀಕ್ಷಿಸಿ ೨೦೦೯ರಲ್ಲಿ ಪ್ರಕಟಿಸಿದರು. ತಿನ್ನಬಾರದೆಂದ ತಿಂಡಿಯನ್ನು ನಾಯಿಯು ತಿಂದಿದೆಯೋ ಇಲ್ಲವೋ ಎಂಬುದನ್ನು ಒಡೆಯರಿಗೆ ಬೇಕೆಂದೇ ಕೆಲವು ಸಲ ತಪ್ಪಾಗಿ ತಿಳಿಸಲಾಯಿತು. ತಲೆ ತಗ್ಗಿಸುವುದಕ್ಕೂ ತಿಂದುದಕ್ಕೂ ಸಂಬಂಧವೇ ಕಾಣಲಿಲ್ಲ. ಗದರಿಸಿಕೊಂಡ ನಾಯಿಯು ತಲೆ ತಗ್ಗಿಸಿತು. ಏನೂ ತಪ್ಪು ಮಾಡದೆ ಗದರಿಸಿಕೊಂಡದ್ದು ಎಲ್ಲಕ್ಕಿಂತ ಹೆಚ್ಚಾಗಿ ತಗ್ಗಿಸಿತು. ಬೆಳಿಗ್ಗೆ ಹರಿದ ದಿಂಬಿಗಾಗಿ ಸಂಜೆ ಹೊಡೆಸಿಕೊಂಡ ನಾಯಿಗೆ ತಿಳಿಯುವುದು, ಸಂಜೆ ಯಜಮಾನರು ಬಂದರೆ ಪೆಟ್ಟು ಬೀಳುತ್ತದೆಂಬುದಷ್ಟೇ.

ಮಕ್ಕಳ ವಿಷಯದಲ್ಲಿ ನಾಯಿಯನ್ನು ಪಳಗಿಸುವುದರ ಜೊತೆಗೆ ಮಕ್ಕಳಿಗೂ ಕಲಿಸಬೇಕಾದುದಿದೆ. ನಾಯಿಯು ತಿನ್ನುವಾಗ, ಮಲಗಿರುವಾಗ, ಮೂಳೆಯನ್ನು ಕಡಿಯುವಾಗ, ಮರಿಗಳ ಬಳಿ ಇರುವಾಗ ಹತ್ತಿರ ಹೋಗಕೂಡದು. ಕತ್ತನ್ನು ತಬ್ಬಿಕೊಳ್ಳುವುದು ನಮಗೆ ಮುದ್ದು, ಅನೇಕ ನಾಯಿಗಳಿಗೆ ಅದು ಬಂಧನ. ಅದು ಮುಖ ತಿರುಗಿಸಿ, ತುಟಿ ನೆಕ್ಕಿಕೊಂಡು, ಎದ್ದು ಆಚೆ ಹೋದರೆ ಹಿಂದೆ ಹೋಗಬಾರದು. ಆರು ವರ್ಷದೊಳಗಿನ ಮಗುವನ್ನು, ಎಷ್ಟೇ ಸಾಧುವಾದ ನಾಯಿಯಾಗಲಿ, ಅದರೊಡನೆ ಒಂಟಿಯಾಗಿ ಬಿಡುವುದು ಸರ್ವಥಾ ಕೂಡದು. ಗುರುಗುಟ್ಟಿತೆಂದು ಮಗುವು ಓಡಿಬಂದು ಹೇಳಿದರೆ ನಾಯಿಯನ್ನು ಹೊಡೆಯಹೋಗಬೇಡಿರಿ. ಮಗುವನ್ನು ಮೆಚ್ಚಿ, ನಾಯಿಯು ಇದ್ದಲ್ಲಿಂದ ಎಲ್ಲರೂ ಸರಿದುಕೊಂಡು, ಆಗ ನಡೆದುದೇನೆಂದು ವಿಚಾರಿಸಿರಿ.

ಹೊಸದಾಗಿ ಮರಿಯನ್ನು ತರಬೇಕೆಂದಿರುವವರೂ ಈ ತಿಂಗಳು ಕೆಲವರು ಬರೆದಿದ್ದಾರೆ. ಹುಟ್ಟಿದ ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲವು ಮರಿಯ ಬಾಳಿನಲ್ಲಿ ಅತಿ ಮುಖ್ಯವಾದುದೆಂಬುದು ಸ್ಕಾಟ್ ಮತ್ತು ಫುಲ್ಲರ್ ಎಂಬವರು ೧೯೬೫ರಲ್ಲಿ ಬರೆದ ಗ್ರಂಥದಿಂದ ಪ್ರಸಿದ್ಧವಾಗಿದೆ. ಆ ಒಂಬತ್ತು ವಾರಗಳಲ್ಲಿ ಅದಕ್ಕೆ ಯಾರನ್ನು ಪರಿಚಯಮಾಡಿಸಬೇಕು, ಯಾವ ಸದ್ದುಗಳನ್ನು ಕೇಳಿಸಬೇಕು, ತಟ್ಟೆಯ ಬಳಿ ಗುರುಗುಟ್ಟುವ ಅಭ್ಯಾಸವೇ ಹುಟ್ಟದಂತೆ ಮೊದಲ ದಿನದಿಂದ ಏನು ಮಾಡಬೇಕು ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ. ಅಲ್ಲಿಯವರೆಗೆ, ತಾಯಿಯಿಂದ ಎಂಟು ವಾರಗಳೊಳಗಿನ ಮರಿಯನ್ನು ಯಾರಾದರೂ ಅಗಲಿಸಿ ಕೊಡಲು ಬಂದರೆ ತೆಗೆದುಕೊಳ್ಳಬೇಡಿರಿ.